ಸಮ್ಮತಿಯೂ ಮೌನವೂ

ಪರಸ್ಪರ ಯಾವುದನ್ನೂ ಒಪ್ಪದ ವಾದಿಪ್ರತಿವಾದಿಗಳು, ತಮ್ಮ ವ್ಯಾಜ್ಯವನ್ನು ತೀರಿಸತಕ್ಕವರು ಯಾರೆಂಬ ಒಂದು ವಿಷಯದಲ್ಲಿ ಏಕಮತರಾದರೆ, ಆ ಐಕಮತ್ಯದಿಂದ ನ್ಯಾಯಾಧೀಶನಿಗೆ ಇಲ್ಲದಿದ್ದ ಅಧಿಕಾರವು ಬಂದೀತೆ? ಇದು ವಕೀಲರ ಜಿಜ್ಞಾಸೆಯಂತೆ ತೋರಿದರೂ, ಅಧಿಕಾರದ ಮೂಲವು ಮೇಲಿನಿಂದಿಳಿದ ಆಜ್ಞೆಯೋ, ಕೆಳಗಿನಿಂದೇರಿದ ಅನುಮತಿಯೋ ಎಂಬ ತತ್ತ್ವವಿಚಾರವೇ ಇದರೊಳಗೆ ಅಡಗಿದೆ.

ಅಮೆರಿಕ ಸಂಯುಕ್ತ ಸಂಸ್ಥಾನದ ಫೆಡರಲ್ ಜಿಲ್ಲಾ ನ್ಯಾಯಾಧೀಶರು ಅಧ್ಯಕ್ಷನಿಂದ ನಾಮಕರಣಗೊಂಡು, ಸೆನೆಟ್ಟಿನ ಅನುಮೋದನೆ ಪಡೆದು, ಸದ್ವರ್ತನೆಯಿರುವವರೆಗೂ ಪದಚ್ಯುತಿಯ ಭಯವಾಗಲಿ ವೇತನಚ್ಛೇದದ ಭಯವಾಗಲಿ ಇಲ್ಲದೆ ಪೀಠದಲ್ಲಿರತಕ್ಕವರು. ಮ್ಯಾಜಿಸ್ಟ್ರೇಟ್ ನ್ಯಾಯಾಧೀಶರಾದರೋ, ಆ ಜಿಲ್ಲಾ ನ್ಯಾಯಾಧೀಶರಿಂದಲೇ ನಿಯಮಿತರಾಗಿ, ಪೂರ್ಣಾವಧಿಯ ಹುದ್ದೆಯಾದರೆ 8 ವರ್ಷಗಳ ಕಾಲ ಕಾರ್ಯ ನಡೆಸತಕ್ಕವರು. 1979ರ ಶಾಸನವು, ಉಭಯಪಕ್ಷಗಳೂ ಒಪ್ಪಿದಲ್ಲಿ ಇಡೀ ಸಿವಿಲ್ ಮೊಕದ್ದಮೆಯನ್ನು ಈ ಎರಡನೆಯವರೇ ವಿಚಾರಿಸಿ ತೀರ್ಪು ಕೊಡಬಹುದೆಂದೂ, ಆ ತೀರ್ಪಿಗೆ ಜಿಲ್ಲಾ ನ್ಯಾಯಾಲಯದ ತೀರ್ಪಿನ ಸಮಾನಬಲವುಂಟೆಂದೂ ವಿಧಿಸಿತು.

ಹಾಗಾದರೆ ಸಂವಿಧಾನವು ವಿಧಿಸಿದ ನಿರ್ಭಯ ನ್ಯಾಯಾಧೀಶನೆಂಬ ರಕ್ಷೆಯನ್ನು ನಾನು ಬಿಟ್ಟುಕೊಡಬಲ್ಲೆನೆ? ಆ ದೇಶದ ಸುಪ್ರೀಂ ಕೋರ್ಟು 1986ರಲ್ಲಿ, ಬೇರೊಂದು ಪ್ರಸಂಗದಲ್ಲಿಯಾದರೂ, ಇದಕ್ಕೆ ಒಪ್ಪುವ ವಿವೇಕವನ್ನು ತೋರಿತು: ಆ ರಕ್ಷೆಯಲ್ಲಿ ವ್ಯಕ್ತಿಗೆ ಸೇರಿದ ಅಂಶವನ್ನು ವ್ಯಕ್ತಿಯು ತ್ಯಜಿಸಬಹುದು, ರಾಜ್ಯವ್ಯವಸ್ಥೆಯ ಸಮತೋಲಕ್ಕೆ ಸೇರಿದ ಅಂಶವನ್ನು ಯಾವ ಕಕ್ಷಿಗಾರನ ಒಪ್ಪಿಗೆಯೂ ಕದಲಿಸಲಾರದು. ತನ್ನದಲ್ಲದುದನ್ನು ದಾನಮಾಡುವುದು ಔದಾರ್ಯವಾದೀತೆ?

ಸಮ್ಮತಿಗೆ ರೂಪವು ಯಾವುದೆಂಬುದು ಇನ್ನೂ ಸೂಕ್ಷ್ಮವಾದ ಪ್ರಶ್ನೆ. ಟೆಕ್ಸಾಸಿನ ಕೈದಿಯೊಬ್ಬನು ಸೆರೆಮನೆಯ ವೈದ್ಯಸಿಬ್ಬಂದಿಯ ಮೇಲೆ ಹೂಡಿದ ದಾವೆಯಲ್ಲಿ ಇಬ್ಬರು ಪ್ರತಿವಾದಿಗಳು ಲಿಖಿತ ಒಪ್ಪಿಗೆಯನ್ನೇ ಕೊಡದೆ, ಮ್ಯಾಜಿಸ್ಟ್ರೇಟ್ ನ್ಯಾಯಾಧೀಶರ ಮುಂದೆ ವಿಚಾರಣೆ ಮುಗಿಯುವವರೆಗೂ ಯಾವ ಆಕ್ಷೇಪವನ್ನೂ ಎತ್ತದೆ ನಡೆದುಕೊಂಡರು. ‘ಮೌನಂ ಸಮ್ಮತಿಲಕ್ಷಣಂ’ ಎಂಬ ನಮ್ಮ ನಾಣ್ಣುಡಿಯನ್ನು ಅರಿಯದಿದ್ದರೂ, 2003ರಲ್ಲಿ ಸುಪ್ರೀಂ ಕೋರ್ಟು, ಐವರು ಒಂದೆಡೆ ನಾಲ್ವರು ಮತ್ತೊಂದೆಡೆಯಾಗಿ, ಅವರ ನಡತೆಯಲ್ಲಿಯೇ ಒಪ್ಪಿಗೆಯನ್ನು ಕಂಡಿತು. ಆದರೆ ನಿರಾಕರಿಸುವ ಹಕ್ಕು ತನಗುಂಟೆಂದು ತಿಳಿದವನ ನಡತೆಗೆ ಮಾತ್ರ ಆ ಅರ್ಥವೆಂದಿತು.

ಅಪಜಯವಾದರೆ ಮಾತ್ರ ‘ನಾನು ಒಪ್ಪಿರಲಿಲ್ಲ’ವೆನ್ನಲು ಕಾದುಕುಳಿತವನ ಕಪಟವನ್ನು ಈ ತೀರ್ಪು ತಡೆಯಿತೆಂಬುದು ನಿಜ. ಆದರೂ ಭಯದಿಂದಲೂ ಮೌನವು ಹುಟ್ಟುವುದಷ್ಟೆ? ಇದಕ್ಕೆ ಪರಿಹಾರವನ್ನು ನಾನು ಆ ನ್ಯಾಯಾಲಯಗಳ ಒಂದು ಸಣ್ಣ ನಿಯಮದಲ್ಲಿ ಕಾಣುತ್ತೇನೆ: ಸಮ್ಮತಿಯನ್ನು ಕೇಳಿ ಪತ್ರ ಕಳುಹಿಸುವವನು ಕಚೇರಿಯ ಗುಮಾಸ್ತನು, ಎಲ್ಲರೂ ಒಪ್ಪಿದ ಹೊರತು ಯಾರ ಉತ್ತರವೇನೆಂಬುದನ್ನು ನ್ಯಾಯಾಧೀಶರಿಗೆ ತಿಳಿಸತಕ್ಕದ್ದಲ್ಲ. ಒಲ್ಲೆನೆಂದವನ ಹೆಸರು ಪೀಠದ ಕಿವಿಯನ್ನು ಮುಟ್ಟದು. ಒಲ್ಲೆನೆಂದುದಕ್ಕಾಗಿ ಅವನಿಗೆ ಯಾವ ಹಾನಿಯೂ ತಟ್ಟದು.

ಕಕ್ಷಿಗಾರನ ಮೌನವು ಸಮ್ಮತಿಯೆನಿಸಿಕೊಳ್ಳಬೇಕಾದರೆ, ಅದಕ್ಕೆ ಮುನ್ನ ಆ ಗುಮಾಸ್ತನು ಮೌನವಾಗಿದ್ದಿರಬೇಕು.