ಫುಟ್‌ಪಾತಿನ ಎತ್ತರ

ಸ್ಯಾನ್ ಕ್ರಿಸ್ಟೋಬಲ್ ದೆ ಲಾಸ್ ಕಾಸಾಸ್‌ನ ಫುಟ್‌ಪಾತ್‌ಗಳು ತೀರ ಇಕ್ಕಟ್ಟು. ಇಬ್ಬರು ಎದುರಾದರೆ ಒಬ್ಬರು ರಸ್ತೆಗೆ ಇಳಿಯಲೇಬೇಕು. ಮೆಕ್ಸಿಕೊದ ಚಿಯಾಪಾಸ್ ರಾಜ್ಯದ ಈ ಊರು ಸುಮಾರು 2200 ಮೀಟರ್ ಎತ್ತರದಲ್ಲಿದೆ. ಹೊತ್ತು ಮುಳುಗಿದರೆ ಕೊರೆಯುವ ಚಳಿ. ಮೊದಲ ಸಂಜೆ, ಕಪ್ಪು ಉಣ್ಣೆಯ ಲಂಗ ಉಟ್ಟ ಅಜ್ಜಿಯೊಬ್ಬರು ಬೆನ್ನಿಗೆ ಗಂಟು ಹೊತ್ತು ಎದುರಾದರು. ನಾನು ಯೋಚಿಸುವ ಮೊದಲೇ ಅವರು ಕೆಳಗಿಳಿದಿದ್ದರು. ‘ಗ್ರಾಸಿಯಾಸ್’ ಎಂದು ಧನ್ಯವಾದ ಹೇಳಿ ಮುಂದೆ ನಡೆದೆ.

ಆ ಫುಟ್‌ಪಾತಿನ ಕಥೆ ತಿಳಿದದ್ದು ಮರುದಿನ. 1528ರಲ್ಲಿ ಸ್ಪೇನಿನವರು ಕಟ್ಟಿದ ಈ ಊರಿನಲ್ಲಿ, ಕಳೆದ ಶತಮಾನದಲ್ಲೂ ಸುತ್ತಲಿನ ಬೆಟ್ಟಗಳ ತ್ಸೋತ್ಸಿಲ್, ತ್ಸೆಲ್ತಾಲ್ ಜನ ಫುಟ್‌ಪಾತ್ ಹತ್ತುವಂತಿರಲಿಲ್ಲ. ಊರು ಹೊತ್ತಿರುವುದೋ, ಮೂಲನಿವಾಸಿಗಳ ಪರವಾಗಿ ರಾಜನೆದುರೇ ವಾದಿಸಿದ ಬಿಷಪ್ ಬಾರ್ತೊಲೊಮೆ ದೆ ಲಾಸ್ ಕಾಸಾಸ್ ಅವರ ಹೆಸರನ್ನು! ಆ ರಾತ್ರಿ ನನಗೆ ನಿದ್ದೆ ಹತ್ತಲಿಲ್ಲ. ನನ್ನ ಅಜ್ಜನ ಮನೆ ಜಗಲಿಯ ಮುಂದೆ ಚಪ್ಪಲಿ ಕೈಯಲ್ಲಿ ಹಿಡಿದು ಹಾದುಹೋಗುತ್ತಿದ್ದವರ ಸುದ್ದಿಯನ್ನು ಮನೆಯಲ್ಲಿ ಹಳೆಯ ಕಾಲದ ಮಾತೆಂಬಂತೆ ಹೇಳುತ್ತಿದ್ದರು. ಹೇಳುವವರೆಲ್ಲ ಜಗಲಿಯ ಮೇಲೆ ಕೂತವರೇ. ಕೆಳಗೆ ನಡೆದವರ ಬಾಯಿಂದ ಅದನ್ನು ನಾನು ಒಮ್ಮೆಯೂ ಕೇಳಿಲ್ಲ, ಕೇಳಬೇಕೆಂದು ಹೋದವನೂ ಅಲ್ಲ.

1994ರ ಜನವರಿ 1ರಂದು ಇದೇ ಬೆಟ್ಟಗಾಡಿನ ಜನ ಜಪಾಟಿಸ್ಟಾ ಬಂಡಾಯಗಾರರಾಗಿ ಬಂದು ಇಲ್ಲಿನ ನಗರಸಭೆಯ ಕಟ್ಟಡವನ್ನೇ ಹಿಡಿದರು. ಈಗ ಆ ಬೆಟ್ಟಗಳ ಹೆಣ್ಣುಮಕ್ಕಳು ಫುಟ್‌ಪಾತಿನ ಮೇಲೇ ಕಸೂತಿಯ ರವಿಕೆ ಹರಡಿ ಕೂರುತ್ತಾರೆ. ತಿಂಗಳುಗಟ್ಟಲೆ ಕೂತು ಹೊಲಿದದ್ದಕ್ಕೆ ನಮ್ಮಂಥವರು ನಿಂತಲ್ಲೇ ಚೌಕಾಸಿ ಮಾಡುತ್ತೇವೆ.

ಸುಮಾರು ಹತ್ತು ಕಿಲೋಮೀಟರ್ ಆಚೆ ಸ್ಯಾನ್ ಹುವಾನ್ ಚಾಮುಲಾ. ಅಲ್ಲಿನ ಚರ್ಚಿನೊಳಗೆ ಫೋಟೊ ತೆಗೆಯುವಂತಿಲ್ಲ. ನನಗೆ ಅದು ಸರಿಯೆನಿಸಿತು; ಯಾರೋ ತಮ್ಮ ಕಾಯಿಲೆಗೆ, ಕಳೆದುಕೊಂಡವರಿಗೆ ಮೊರೆಯಿಡುವ ಹೊತ್ತು ನಮ್ಮ ಆಲ್ಬಮ್ಮಿಗಲ್ಲ. ಒಳಗೆ ಒಂದು ಬೆಂಚೂ ಇಲ್ಲ. ನೆಲದ ತುಂಬ ಪೈನ್ ಮರದ ಹಸಿ ಎಲೆ, ಅದರ ನಡುವೆ ಸಾಲುಸಾಲು ಮೇಣದಬತ್ತಿ, ಧೂಪದ ಹೊಗೆ. ಮಣ್ಣು ಮೆತ್ತಿದ ಕಾಲಿನ ರೈತ, ಮಂತ್ರ ಹೇಳುವ ಮುದುಕಿ, ಮಡಿಲ ಕೂಸು ಎಲ್ಲರೂ ನೆಲದ ಮೇಲೇ. ಪ್ರಾರ್ಥನೆ ತ್ಸೋತ್ಸಿಲ್‌ನಲ್ಲಿ. ತಮ್ಮ ಭಾಷೆಯನ್ನು ಅವರು ‘ಬಾತ್ಸಿ ಕೋಪ್’ ಎನ್ನುತ್ತಾರೆ. ನಿಜವಾದ ನುಡಿ ಎಂದರ್ಥ. ನನಗೆ ಒಂದು ಪದವೂ ತಿಳಿಯಲಿಲ್ಲ. ಆ ದನಿಯ ಅಳು ಮಾತ್ರ ತಿಳಿಯಿತು.

ಒಂದು ಸಂಸಾರ ಬತ್ತಿಗಳ ಕಟ್ಟು ಹಿಡಿದು ಒಳಗೆ ಬಂತು. ಗೋಡೆಗೆ ಒತ್ತಿ ನಿಂತು ದಾರಿ ಬಿಟ್ಟೆ. ಅವರು ನನ್ನತ್ತ ನೋಡದೆ ಹಾದುಹೋಗಿ, ಎಲೆಗಳನ್ನು ಸರಿಸಿ, ಬರಿನೆಲಕ್ಕೆ ಒಂದೊಂದೇ ಬತ್ತಿ ಅಂಟಿಸತೊಡಗಿದರು.