ನಾಲ್ಕು ದಿನದ ರಜೆ, ಒಂದು ಚಮಚ ತುಪ್ಪ

"ನಾಲ್ಕು ದಿನಕ್ಕೆ ಏನಾಗತ್ತೆ, ಹಾಕಿಸ್ಕೊ" ಎನ್ನುವ ಮಾತನ್ನು ಮುಂಬೈಯಿಂದಲೋ ಪುಣೆಯಿಂದಲೋ ರಜೆಗೆ ಊರಿಗೆ ಹೋದವರೆಲ್ಲ ಕೇಳಿರುತ್ತಾರೆ. ಎಲ್‌ಡಿಎಲ್ ಜಾಸ್ತಿಯಿದೆಯೆಂದು ಡಾಕ್ಟರು ಹೇಳಿದ ಮೇಲೆ ಅದೇ ಮಾತು ಇಕ್ಕಟ್ಟಿಗೆ ಸಿಲುಕಿಸುತ್ತದೆ. ಬೇಡವೆಂದರೆ ದೊಡ್ಡಮ್ಮನ ಮುಖ ಸಪ್ಪಗಾಗುತ್ತದೆ, ಹಾಕಿಸಿಕೊಂಡರೆ ಪಥ್ಯ ಕೆಡುತ್ತದೆ. ಬಡಿಸುವವರ ಪ್ರೀತಿ ದೊಡ್ಡದೋ, ನಮ್ಮ ನೇಮವೋ?

ಮೊದಲು ಆ ನಾಲ್ಕು ದಿನದ ಲೆಕ್ಕ ನೋಡೋಣ. ಒಂದು ಹಬ್ಬದೂಟಕ್ಕೆ ರಕ್ತನಾಳ ಕಟ್ಟಿಕೊಳ್ಳುವುದಿಲ್ಲ. ಅದಕ್ಕೆ ವರ್ಷಗಳೇ ಹಿಡಿಯುತ್ತವೆ. ಆದರೆ ಸಂಕ್ರಾಂತಿ, ಯುಗಾದಿ, ಗಣೇಶ, ದಸರಾ, ದೀಪಾವಳಿ, ನಡುವೆ ಎರಡು ಮದುವೆ, ಒಂದು ಪ್ರವಾಸ, ಎಲ್ಲವೂ ನಾಲ್ಕು ದಿನದವೇ. ಕೂಡಿದರೆ 32 ದಿನ! ಒಂದು ದೊಡ್ಡ ಚಮಚ ತುಪ್ಪದಲ್ಲಿ ಸುಮಾರು 8 ಗ್ರಾಂ ಸ್ಯಾಚುರೇಟೆಡ್ ಕೊಬ್ಬಿರುತ್ತದೆ. ದಿನಕ್ಕೆ 2000 ಕ್ಯಾಲೊರಿ ಉಣ್ಣುವವರಿಗೆ ವಿಶ್ವ ಆರೋಗ್ಯ ಸಂಸ್ಥೆಯ ಶೇ. 10ರ ಮಿತಿಯೆಂದರೆ ಸುಮಾರು 22 ಗ್ರಾಂ. ಹೋಳಿಗೆಯ ಮೇಲಿನ ಮೂರು ಚಮಚಕ್ಕೇ ಆ ಮಿತಿ ದಾಟುತ್ತದೆ.

ಹಾಗಂತ ಎಲೆಯ ಮುಂದೆ ಕೂತು "ಇದು ವಿಷ" ಎನ್ನುವುದು ಇನ್ನೊಂದು ಬಗೆಯ ಒರಟುತನ. ತುಪ್ಪ ಅಪರೂಪವಾಗಿದ್ದ ಮನೆಗಳಲ್ಲಿ ಅದನ್ನು ಬಡಿಸುವುದೆಂದರೆ ಇದ್ದುದರಲ್ಲಿ ಒಳ್ಳೆಯದನ್ನು ಕೊಡುವುದು. ಆ ಕೈಗೆ ಮರ್ಯಾದೆ ಸಲ್ಲಲೇಬೇಕು.

ನಮ್ಮಲ್ಲಿ ಹೆಚ್ಚಿನವರು ಹಿಡಿಯುವ ದಾರಿ ಸುಳ್ಳಿನದು: "ಹೊಟ್ಟೆ ತುಂಬಿದೆ." ನಿರುಪದ್ರವಿಯಂತೆ ಕಂಡರೂ ಈ ಸುಳ್ಳು ಬಡಿಸುವವರನ್ನು ದಾಟಿಹೋಗಬೇಕಾದ ಅಡ್ಡಿಯಂತೆ ಕಾಣುತ್ತದೆ. ಕಾಯಿಲೆಯ ವಿಷಯ ಮೊದಲೇ ಫೋನಿನಲ್ಲಿ ಹೇಳಿದರೆ ನಮ್ಮ ಕಾಳಜಿಯಲ್ಲಿ ಅವರಿಗೂ ಪಾಲು ಸಿಗುತ್ತದೆ. "ಹುರುಳಿ ಬಸ್ಸಾರು, ಮುದ್ದೆ ಮಾಡು ದೊಡ್ಡಮ್ಮ, ಇಲ್ಲಿ ಸಿಗಲ್ಲ" ಅಂತ ಕೇಳಿ ನೋಡಿ. "ಬಂದವರಿಗೆ ಇದನ್ನ ಹಾಕೋದಾ?" ಎಂದು ಮೊದಲು ನಾಚಿಕೊಂಡಾರು, ಆಮೇಲೆ ಖುಷಿಯಿಂದ ಹುರುಳಿ ನೆನೆಹಾಕುತ್ತಾರೆ. ಉತ್ತರ ಕರ್ನಾಟಕದವರಾದರೆ ಜೋಳದ ರೊಟ್ಟಿ, ಮಡಿಕೆಕಾಳು ಪಲ್ಯ ಕೇಳಬಹುದು. ಕಾಳುಗಳಲ್ಲಿರುವ ಕರಗುವ ನಾರು ಎಲ್‌ಡಿಎಲ್ ತುಸು ಇಳಿಸುತ್ತದೆ ಕೂಡ.

ಹಬ್ಬದ ದಿನ ಒಂದು ಹೋಳಿಗೆ, ಅರ್ಧ ಚಮಚ ತುಪ್ಪ ಇರಲಿ. ಮಾತ್ರೆಗೆ ಮಾತ್ರ ರಜೆ ಬೇಡ. ದೊಡ್ಡಮ್ಮ ಬಯಸುವುದು ತುಪ್ಪ ಖರ್ಚಾಗಲಿ ಎಂದಲ್ಲ, ನಾವು ಮುಂದಿನ ವರ್ಷವೂ ಆ ಎಲೆಯ ಮುಂದೆ ಕೂರಲಿ ಎಂದು.