ಇಂದಿನ ಧಮ್ಮ ಚಿಂತನೆ: ಸೂಪರ್‌ಮ್ಯಾನ್ ಮತ್ತು ಸಾಸಿವೆ ಕಾಳು

ಕಳೆದ ಭಾನುವಾರ ರಾತ್ರಿ ಮಗಳ ಜೊತೆ ಕೂತು 1978ರ 'ಸೂಪರ್‌ಮ್ಯಾನ್' ಸಿನಿಮಾ ನೋಡಿದೆ. ನನಗಿಂತ ಹಳೆಯ ಸಿನಿಮಾ. ಕನ್ನಡಕ ಹಾಕಿದರೆ ಕ್ಲಾರ್ಕ್ ಕೆಂಟ್, ತೆಗೆದರೆ ಸೂಪರ್‌ಮ್ಯಾನ್. ಒಂದೇ ಕಚೇರಿಯಲ್ಲಿ ಕೆಲಸ ಮಾಡುವ ಲೋಯಿಸ್‌ಗೆ ಗುರುತು ಸಿಗುವುದಿಲ್ಲ. ನಮ್ಮ ಶಾಲೆಯ ಒಂದನೇ ತರಗತಿ ಮಕ್ಕಳಾಗಿದ್ದರೆ ಹಿಡಿದುಬಿಡುತ್ತಿದ್ದರು! ಕೊನೆಗೆ ಭೂಕಂಪವಾಗಿ ಲೋಯಿಸ್ ಕಾರಿನೊಳಗೇ ಮಣ್ಣಲ್ಲಿ ಹೂತು ಸಾಯುತ್ತಾಳೆ. ಮನುಷ್ಯರ ಇತಿಹಾಸದಲ್ಲಿ ಕೈ ಹಾಕಬೇಡ ಎಂದು ತಂದೆ ಎಚ್ಚರಿಸಿದ್ದರೂ ಅವನು ಕೇಳುವುದಿಲ್ಲ. ಆಕಾಶಕ್ಕೆ ಹಾರಿ, ಭೂಮಿಯನ್ನು ಸುತ್ತಿ ಸುತ್ತಿ, ಅದು ಹಿಂದಕ್ಕೆ ತಿರುಗುವಂತೆ ಮಾಡುತ್ತಾನೆ. ಕಾಲವೂ ಹಿಂದಕ್ಕೆ ಹೋಗುತ್ತದೆ. ಅವಳು ಬದುಕುತ್ತಾಳೆ.

ನಾನು ನಕ್ಕು, "ಭೂಮಿ ಹಿಂದಕ್ಕೆ ತಿರುಗಿದರೆ ಸೂರ್ಯ ಪಶ್ಚಿಮದಲ್ಲಿ ಹುಟ್ಟಬಹುದು, ಸತ್ತವರು ಏಳೋದಿಲ್ಲ" ಎಂದೆ. ಮಗಳು ಕಣ್ಣೊರೆಸಿಕೊಳ್ಳುತ್ತಾ, "ನಂಗೂ ಗೊತ್ತಪ್ಪಾ. ಸುಮ್ನೆ ನೋಡು" ಅಂದಳು.

ಅವಳು ಹೇಳಿದ್ದು ಸರಿ. ಇಂಗ್ಲಿಷ್ ಕವಿ ಕೋಲ್‌ರಿಜ್ 1817ರಲ್ಲೇ ಇದಕ್ಕೊಂದು ಹೆಸರು ಕೊಟ್ಟಿದ್ದ. ಕಥೆಯ ಮುಂದೆ ಕೂತಾಗ ನಾವಾಗಿಯೇ, ಸ್ವಲ್ಪ ಹೊತ್ತು, ಅಪನಂಬಿಕೆಯನ್ನು ಪಕ್ಕಕ್ಕಿಡುತ್ತೇವೆ. ಚಪ್ಪಲಿ ಬಾಗಿಲಲ್ಲಿ ಬಿಟ್ಟು ಒಳಗೆ ಹೋದ ಹಾಗೆ. ಬರುವಾಗ ಹಾಕಿಕೊಂಡು ಬರುತ್ತೇವೆ. ನಟ ಕ್ರಿಸ್ಟೋಫರ್ ರೀವ್ ಅವರನ್ನು ತಂತಿಯಲ್ಲಿ ತೂಗುಹಾಕಿ ಚಿತ್ರೀಕರಿಸಿದ್ದರೆಂದು ಗೊತ್ತಿದ್ದೂ, ಅವರು ಹಾರಿದಾಗ ಎದೆ ಹಗುರವಾಗುತ್ತದೆ. ಅದರಿಂದ ಯಾರ ಪ್ರಜ್ಞೆಗೂ ಪೆಟ್ಟಿಲ್ಲ. ಅದೇ ರೀವ್ 1995ರ ಮೇ ತಿಂಗಳಲ್ಲಿ ಕುದುರೆಯಿಂದ ಬಿದ್ದರು. ಕುತ್ತಿಗೆಯ ಕೆಳಗೆ ಸ್ವಾಧೀನ ಹೋಯಿತು, ಉಸಿರಾಟಕ್ಕೂ ಯಂತ್ರ ಬೇಕಾಯಿತು. 2004ರಲ್ಲಿ ತೀರಿಕೊಳ್ಳುವವರೆಗೂ ಗಾಲಿಕುರ್ಚಿಯಲ್ಲಿ ಕೂತೇ, ಬೆನ್ನುಹುರಿಗೆ ಪೆಟ್ಟಾದವರಿಗಾಗಿ ಸಂಶೋಧನೆ ನಡೆಯಲಿ ಎಂದು ದುಡಿದರು. ಭೂಮಿ ಹಿಂದಕ್ಕೆ ತಿರುಗಲಿಲ್ಲ.

ಮಗಳ "ನಂಗೂ ಗೊತ್ತು" ಎಂಬ ಮಾತು ಮಾತ್ರ ಆ ರಾತ್ರಿ ನನ್ನನ್ನು ಮಲಗಲು ಬಿಡಲಿಲ್ಲ. ಅದಕ್ಕೆ ಎರಡು ದಿನ ಮೊದಲು ನಮ್ಮ ಬಳಗದ ತಾಯಿಯೊಬ್ಬರು ಬಂದಿದ್ದರು. ಅವರ ಮಗ ಬೈಕ್ ಅಪಘಾತದಲ್ಲಿ ಹೋಗಿ ಇನ್ನೂ ವರ್ಷ ತುಂಬಿಲ್ಲ. "ಮೇಷ್ಟ್ರೇ, ಯಾರೋ ಒಬ್ಬರು ಸತ್ತವರನ್ನ ಮೈಮೇಲೆ ಬರಿಸಿಕೊಂಡು ಮಾತಾಡಿಸ್ತಾರಂತೆ. ಒಂದೇ ಒಂದ್ಸಲ ಹೋಗಿ ಬರ್ಲಾ?" ಎಂದರು. ನಾನು ಥಟ್ಟನೆ 22 ಪ್ರತಿಜ್ಞೆಗಳನ್ನು ಎತ್ತಿಕೊಂಡೆ. 1956ರಲ್ಲಿ ನಾಗಪುರದಲ್ಲಿ ಬಾಬಾಸಾಹೇಬರು ಅವನ್ನು ಯಾಕೆ ಬೋಧಿಸಿದರು ಎಂದು ಪಾಠವನ್ನೇ ಶುರುಮಾಡಿದೆ. ಅವರು ತಲೆ ತಗ್ಗಿಸಿ ಎದ್ದು ಹೋದರು.

ನಾನು ಹೇಳಿದ್ದು ಸುಳ್ಳಲ್ಲ. ಟಿಕೆಟ್ ಕೊಡುವವನು ಇದು ಸಿನಿಮಾ ಎಂದೇ ಕೊಡುತ್ತಾನೆ. ಮೈಮೇಲೆ ಬರಿಸಿಕೊಳ್ಳುವವನು ಹಾಗೆ ಹೇಳುವುದಿಲ್ಲ. ಅಲ್ಲಿ ಬಿಟ್ಟ ಚಪ್ಪಲಿ ವಾಪಸ್ ಸಿಗುವುದಿಲ್ಲ. ಆದರೆ ಮಗ ಮತ್ತೆ ಬರುವುದಿಲ್ಲವೆಂದು ಆ ತಾಯಿಗೆ ಗೊತ್ತಿರಲಿಲ್ಲವೇ?

ಶ್ರಾವಸ್ತಿಯ ಕೀಸಾ ಗೌತಮಿ ಸತ್ತ ಮಗುವನ್ನು ಎತ್ತಿಕೊಂಡು ಮದ್ದು ಕೇಳುತ್ತಾ ಮನೆಮನೆ ಅಲೆದಳು. ಜನ ಹುಚ್ಚಿ ಎಂದರು, ಸತ್ತವರಿಗೆ ಮದ್ದೆಲ್ಲಿದೆ ಎಂದರು. ಅವರ ಮಾತೂ ನಿಜವೇ. ತಥಾಗತರು ಹಾಗೆ ಅನ್ನಲಿಲ್ಲ. ಪವಾಡವನ್ನೂ ಮಾಡಲಿಲ್ಲ. ಸಾವು ಕಾಣದ ಮನೆಯಿಂದ ಒಂದಿಷ್ಟು ಸಾಸಿವೆ ತಾ ಎಂದರು. ಸಾಸಿವೆ ಎಲ್ಲ ಮನೆಯಲ್ಲೂ ಇತ್ತು. ಕೊಡಲು ಕೈ ಚಾಚಿದ ಹೆಂಗಸರನ್ನು ಗೌತಮಿ ಕೇಳುತ್ತಾ ಹೋದಳು: ಇಲ್ಲಿ ಯಾರಾದರೂ ಹೋಗಿದ್ದಾರೆಯೇ? ಒಬ್ಬಳಿಗೆ ಗಂಡ, ಒಬ್ಬಳಿಗೆ ಅಪ್ಪ, ಇನ್ನೊಬ್ಬಳಿಗೆ ಮಗ. ಸಂಜೆಯ ಹೊತ್ತಿಗೆ ಅವಳ ಮಡಿಲಲ್ಲಿ ಒಂದು ಕಾಳೂ ಇರಲಿಲ್ಲ. ಅವಳ ಕೈಯಿಂದ ಮಗುವನ್ನು ಯಾರೂ ಕಿತ್ತುಕೊಳ್ಳಲಿಲ್ಲ, ಅವಳೇ ಸ್ಮಶಾನಕ್ಕೆ ಒಯ್ದಳು.

29 ವರ್ಷದವರೆಗೆ ಸಿದ್ಧಾರ್ಥ ಒಬ್ಬ ಮುದುಕನನ್ನೂ, ಒಬ್ಬ ರೋಗಿಯನ್ನೂ, ಒಂದು ಶವವನ್ನೂ ಕಂಡಿರಲಿಲ್ಲ ಎಂಬ ಕಥೆಯನ್ನು ಬಾಬಾಸಾಹೇಬರು ಬುದ್ಧಿ ಒಪ್ಪುವುದಿಲ್ಲವೆಂದು ಬಿಟ್ಟರು. ಅಷ್ಟು ನಿಷ್ಠುರವಾಗಿ ಜರಡಿ ಹಿಡಿದವರು 'ಬುದ್ಧ ಮತ್ತು ಅವನ ಧಮ್ಮ'ದಲ್ಲಿ ಗೌತಮಿಯನ್ನು ಉಳಿಸಿಕೊಂಡಿದ್ದಾರೆ. ಅದೂ ಭಗವಾನರ ಕರುಣೆಯನ್ನು ಹೇಳುವ ಭಾಗದಲ್ಲಿ. ಮೂಢನಂಬಿಕೆ ಕಂಡ ಕೂಡಲೇ ವಾದಕ್ಕೆ ನಿಲ್ಲುವ ಚಾಳಿ ನಮ್ಮಲ್ಲಿ ಅನೇಕರಿಗಿದೆ, ನನಗಂತೂ ಇದೆ. ಆ ಪುಟಗಳನ್ನು ಎಷ್ಟು ಸಲ ಓದಿದ್ದೇನೋ!

ನಿನ್ನೆ ಸಂಜೆ ಹೆಂಡತಿಯನ್ನೂ ಕರೆದುಕೊಂಡು ಆ ತಾಯಿಯ ಮನೆಗೆ ಹೋದೆ. ಪ್ರತಿಜ್ಞೆಯ ಮಾತು ತೆಗೆಯಲಿಲ್ಲ. ಹೆಂಡತಿ ತೀರಿಹೋದ ತನ್ನ ಅಣ್ಣನ ವಿಷಯ ಹೇಳಿದಳು. ಪಕ್ಕದ ಮನೆಯ ಅಜ್ಜಿ ಬಂದು ಕೂತರು. ಅವರಿಗೂ ಒಬ್ಬ ಮಗನಿದ್ದನಂತೆ, ಹೋಗಿ ನಲವತ್ತು ವರ್ಷವಾಯಿತಂತೆ. ಇಷ್ಟು ದಿನ ಪಕ್ಕದಲ್ಲಿದ್ದರೂ ಆ ತಾಯಿಗೆ ಅದು ಗೊತ್ತಿರಲಿಲ್ಲ. ಆಮೇಲೆ ಅವರು ಒಳಗಿನಿಂದ ಮಗನ ಫೋನ್ ತಂದು ಒಂದೊಂದೇ ಫೋಟೋ ತೋರಿಸಿದರು. ಎಂಟೂವರೆಯಾದರೂ ಮಾತು ಮುಗಿಯಲಿಲ್ಲ. ಅಲ್ಲಿಗೆ ಹೋಗುತ್ತೀರಾ ಎಂದು ನಾನು ಕೇಳಲಿಲ್ಲ. ಇದನ್ನು ಗುಂಪಿಗೆ ಬರೆಯಲೇ ಎಂದು ಮಾತ್ರ ಕೇಳಿದೆ.

"ಬರೀರಿ ಮೇಷ್ಟ್ರೇ. ಹೆಸರು ಹಾಕ್ಬೇಡಿ" ಎಂದರು.

ನಮೋ ಬುದ್ಧಾಯ. ಜೈ ಭೀಮ್.